ಪ್ಯಾಕೆಟ್ ಮೇಲಿನ 'ಕೂರ್ಗ್' ಯಾರದು?

ಪ್ರಶ್ನೆ: ಸೋಮವಾರಪೇಟೆ ಬಳಿಯ ನಮ್ಮ ತೋಟದ ಅರೇಬಿಕಾವನ್ನು ಹುರಿದು, ಪುಡಿ ಮಾಡಿ 'ಕೂರ್ಗ್ ಕಾಫಿ' ಎಂದು ಮಾರುತ್ತಿದ್ದೇವೆ. ಈ ಹೆಸರನ್ನು ನೋಂದಾಯಿಸಬಹುದೇ? ಮೈಸೂರಿನ ಅಂಗಡಿಯೊಂದು ನಮ್ಮ ಹೆಸರಲ್ಲಿ ತಾನೇ ಪ್ಯಾಕ್ ಮಾಡಿ ಮಾರಿ, ರಾಯಲ್ಟಿ ಕೊಡುತ್ತೇನೆ ಎನ್ನುತ್ತಿದೆ.

ಉತ್ತರ: ಅದೊಂದನ್ನೇ ನೋಂದಾಯಿಸಲು ಹೋದರೆ ದುಡ್ಡು ದಂಡ. ಬರೀ ಊರು ಮತ್ತು ಸರಕಿನ ಹೆಸರಿಗೆ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅಡ್ಡ ಬರುತ್ತದೆ. ಮೇಲಾಗಿ 'ಕೂರ್ಗ್ ಅರೇಬಿಕಾ ಕಾಫಿ'ಗೆ 2019ರಲ್ಲೇ ಜಿಐ (ಭೌಗೋಳಿಕ ಗುರುತು: ಆ ಊರಿನ ಸರಕಿಗಷ್ಟೇ ಸಲ್ಲುವ ಹೆಸರು) ಸಿಕ್ಕಿದೆ. ಬೆಳೆಗಾರರಾದ ನೀವು ಚೆನ್ನೈನ ಜಿಐ ರಿಜಿಸ್ಟ್ರಿಗೆ ಜಿಐ-3 ಅರ್ಜಿ ಹಾಕಿ ಅಧಿಕೃತ ಬಳಕೆದಾರರಾಗಿ. ಆದರೆ ಆ ಹಕ್ಕನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ, ಲೈಸೆನ್ಸ್ ಕೊಡುವಂತಿಲ್ಲ. ಮೈಸೂರಿನವರಿಗೆ ಕೊಡಲು ಸಾಧ್ಯವಿರುವುದು ನಿಮ್ಮದೇ ಬ್ರ್ಯಾಂಡ್ ಮಾತ್ರ.

ಹಾಗಾಗಿ ಮೊದಲು ಬೇರೆ ಹೆಸರು ಹುಡುಕಿ. ಒಕ್ಕದ (ಕೊಡವರ ಮನೆತನದ) ಹೆಸರಿಡುವ ಆಸೆ ಹಲವರಿಗಿದೆ; ಅದೇ ಒಕ್ಕದ ಇನ್ನೊಬ್ಬರು ಪ್ರಾಮಾಣಿಕವಾಗಿ ತಮ್ಮ ಹೆಸರು ಬಳಸಿದರೆ ತಡೆಯಲಾಗದು. ಸ್ವಂತವಾಗಿ ಕಟ್ಟಿದ ಪದವೇ ಗಟ್ಟಿ. ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಸರಕುಗಳನ್ನು ವರ್ಗಗಳಾಗಿ ಹಂಚಿದ್ದಾರೆ; ಕಾಫಿ ಪುಡಿ 30ನೇ ವರ್ಗಕ್ಕೆ ಬರುತ್ತದೆ. ಆನ್‌ಲೈನ್‌ನಲ್ಲಿ ಟಿಎಂ-ಎ ಎಂಬ ನೋಂದಣಿ ಅರ್ಜಿಗೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ವರ್ಗವೊಂದಕ್ಕೆ 4,500 ರೂಪಾಯಿ. ಈಗಾಗಲೇ ಬಳಕೆಯಲ್ಲಿರುವ ಹೆಸರಾದರೆ ಬಳಕೆಯ ಸಾಕ್ಷಿಗೆ ಮೊದಲ ಮಾರಾಟದ ಬಿಲ್ ಜೋಪಾನ ಮಾಡಿ. ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಅರ್ಜಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರಾದರೂ ತಕರಾರು ಎತ್ತಬಹುದು. ನೋಂದಣಿಗೆ ಮುಂಚೆ ವೃತ್ತದೊಳಗಿನ 'ಆರ್' ಗುರುತು ಹಾಕಬೇಡಿ, ಅದು ಕಾನೂನಿಗೆ ವಿರುದ್ಧ.

ಎಲ್ಲರೂ ಎಡವುವುದು ಲೇಬಲ್‌ನಲ್ಲಿ. ಹೊರಗಿನ ಕಲಾವಿದರಿಗೆ ದುಡ್ಡು ಕೊಟ್ಟು ಮಾಡಿಸಿದ ಲೇಬಲ್ ವಿನ್ಯಾಸದ ಹಕ್ಕು (ಕಾಪಿರೈಟ್) ಸಾಮಾನ್ಯವಾಗಿ ಅವರಲ್ಲೇ ಉಳಿಯುತ್ತದೆ. ಸಹಿ ಹಾಕಿದ ಪತ್ರದಲ್ಲಿ ವರ್ಗಾಯಿಸಿಕೊಳ್ಳಿ. ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ.

ಆಮೇಲೆ ಲೈಸೆನ್ಸ್ ಕರಾರು: ಯಾವ ಬೀಜ, ಎಷ್ಟು ಹುರಿ, ಚಿಕೋರಿ ಶೇಕಡಾ ಎಷ್ಟು, ನೀವು ಯಾವಾಗ ಬೇಕಾದರೂ ಮಾದರಿ ತೆಗೆದು ನೋಡುವ ಹಕ್ಕು, ಕರಾರು ಮುರಿದ ದಿನ ಉಳಿದ ಪ್ಯಾಕೆಟ್ ಏನು ಮಾಡಬೇಕು. ಇಷ್ಟೂ ಬರೆಸಿ. ಗುಣಮಟ್ಟದ ಮೇಲೆ ಹಿಡಿತ ಬಿಟ್ಟರೆ ಕೆಡುವುದು ನಿಮ್ಮ ಹೆಸರೇ. ನೋಂದಣಿ ಕೈಸೇರಿದ ಮೇಲೆ ಕರಾರಾದರೆ, ಆರು ತಿಂಗಳೊಳಗೆ ಟಿಎಂ-ಯು ಅರ್ಜಿಯ ಮೂಲಕ ಅದನ್ನು ದಾಖಲಿಸಿಕೊಳ್ಳಿ.

ಪ್ರಶ್ನೆ: ಕಾಚಂಪುಳಿ (ಕೊಡಗಿನ ಹುಳಿ ರಸ) ಬೆರೆಸಿದ ನಮ್ಮ ಪಂದಿ ಕರಿ (ಹಂದಿ ಮಾಂಸದ ಸಾರು) ಮಸಾಲೆಗೆ ಪೇಟೆಂಟ್ ಸಿಗುತ್ತದೆಯೇ?

ಉತ್ತರ: ಇಲ್ಲ. ಬರೀ ಬೆರಕೆಗೂ ಪರಂಪರೆಯ ತಿಳಿವಳಿಕೆಗೂ ಪೇಟೆಂಟ್ ಇಲ್ಲ. ಅಳತೆಯನ್ನು ಗುಟ್ಟಾಗಿಡಿ. ಹುರಿದ ಕರಿಮೆಣಸು, ಜೀರಿಗೆ, ಸಾಸಿವೆಯನ್ನು ನೀವೇ ತೂಗಿ 'ಅ', 'ಆ' ಎಂದು ಗುರುತು ಹಾಕಿದ ಚೀಲಗಳಲ್ಲಿ ಕೊಟ್ಟರೆ ಅರೆಯುವವರಿಗೆ ಪ್ರಮಾಣ ಸುಲಭಕ್ಕೆ ತಿಳಿಯುವುದಿಲ್ಲ. ಕೆಲಸದವರಿಂದ ಗೋಪ್ಯತೆಯ ಕರಾರು ಬರೆಸಿಕೊಳ್ಳಿ. 'ಕೆಲಸ ಬಿಟ್ಟ ಮೇಲೆ ಮಸಾಲೆ ವ್ಯಾಪಾರ ಮಾಡಕೂಡದು' ಎಂಬ ಷರತ್ತು ಮಾತ್ರ ಕೋರ್ಟಿನಲ್ಲಿ ನಿಲ್ಲುವುದಿಲ್ಲ.