ಸವೆದ ಸೀಟ್ ಬೆಲ್ಟ್ ತೆಗೆದು ರೇಸಿಂಗ್ ಹಾರ್ನೆಸ್ ಹಾಕಿಸಬಹುದೇ?

ಬೇಡ. ರಸ್ತೆಯಲ್ಲಿ ಓಡಿಸುವ ಕಾರಿಗೆ ಅದೇ ಮಾದರಿಗೆಂದು ತಯಾರಾದ ಹೊಸ ಬೆಲ್ಟನ್ನೇ ಹಾಕಿಸಿ. ಹಾರ್ನೆಸ್ ಎಂದರೆ ರೇಸ್ ಕಾರಿನಲ್ಲಿ ಬಳಸುವ ಹಲವು ಪಟ್ಟಿಗಳ ಬೆಲ್ಟ್; ಅದು ಎರಡೂ ಭುಜಗಳನ್ನು ಸೀಟಿಗೆ ಬಿಗಿದು ಕಟ್ಟುತ್ತದೆ. ಕಾರು ಮಗುಚಿ ಚಾವಣಿ ಕುಸಿದರೆ, ಮಾಮೂಲಿ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ವಾಲಲು ಒಂದಿಷ್ಟು ಎಡೆಯಿರುತ್ತದೆ. ಹಾರ್ನೆಸ್‌ನಲ್ಲಿ ಅದಿಲ್ಲ, ಭಾರವೆಲ್ಲ ನೆಟ್ಟಗೆ ತಲೆ, ಕತ್ತಿನ ಮೇಲೆ. ಎದುರಿನಿಂದ ಡಿಕ್ಕಿಯಾದಾಗಲೂ ಎದೆ ಅಲ್ಲೇ ನಿಂತು ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ರೇಸ್ ಕಾರಿನಲ್ಲಿ ಇದಕ್ಕೆಂದೇ ಒಳಗೆ ಉಕ್ಕಿನ ಪಂಜರ, ಹೆಲ್ಮೆಟ್ಟನ್ನು ಹಿಡಿದಿಡುವ ಕತ್ತಿನ ಸಾಧನ ಇರುತ್ತವೆ.

ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ: ಅಂಚಿನ ನೂಲು ಎದ್ದು ರೋಮದಂತಾಗಿದ್ದರೆ ಬದಲಿಸಿ. ಅಪಘಾತದಲ್ಲಿ ಒಮ್ಮೆ ಜಗ್ಗಿದ ಬೆಲ್ಟ್ ಹೊಸದರಂತೆ ಕಂಡರೂ ಅಷ್ಟೇ. ಗುಜರಿಯಿಂದ ತಂದದ್ದನ್ನಂತೂ ನಾನು ಹಾಕುವುದಿಲ್ಲ. ಅದು ಎಂಥ ಡಿಕ್ಕಿ ಕಂಡಿದೆಯೋ ಯಾರಿಗೆ ಗೊತ್ತು?