ಓದುಗರ ಪ್ರಶ್ನೆ: ಇಷ್ಟಕ್ಕಾಗಿ ಫ್ರೆಂಚ್ ಕಲಿಯಬಾರದೇ?

ಪ್ರಶ್ನೆ: ನಾನು ಪದವಿ ಓದುತ್ತಿದ್ದೇನೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ. ಈಚೆಗೆ ಮೊಬೈಲಿನಲ್ಲಿ ಫ್ರೆಂಚ್ ಪಾಠ ಕೇಳುತ್ತಿದ್ದೇನೆ. ಆ ಭಾಷೆಯ ನಾದ ಹಿಡಿಸಿತೆಂಬುದನ್ನು ಬಿಟ್ಟರೆ ಬೇರೆ ಕಾರಣವಿಲ್ಲ. "ಕಲಿಯುವುದಾದರೆ ಜರ್ಮನ್ ಕಲಿ, ನೌಕರಿಯಾದರೂ ಸಿಕ್ಕೀತು" ಎನ್ನುತ್ತಾರೆ ಅಪ್ಪ. ಇದು ಕಾಲಹರಣವೇ?
– ಓದುಗಿ, ಕಾರವಾರ

ಉತ್ತರ: ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕುವಂತಿಲ್ಲ, ಪರಭಾಷೆ ಕಲಿಯುವವರಲ್ಲಿ ಬಹಳ ಮಂದಿ ಕಲಿಯುವುದು ಹೊಟ್ಟೆಪಾಡಿಗಾಗಿಯೇ. ಆದರೆ ಆ ಲೆಕ್ಕ ಹಿಡಿದರೂ ಫ್ರೆಂಚ್ ನಷ್ಟದ ಬಾಬತ್ತಲ್ಲ. ಅದು ವಿಶ್ವಸಂಸ್ಥೆಯ 6 ಅಧಿಕೃತ ಭಾಷೆಗಳಲ್ಲಿ ಒಂದು. ಬೆಲ್ಜಿಯಂ, ಸ್ವಿಟ್ಜರ್ಲೆಂಡ್, ಕೆನಡಾ, ಸೆನೆಗಲ್‌ಗಳಲ್ಲಿಯೂ ಅಧಿಕೃತ ಸ್ಥಾನ ಪಡೆದಿದೆ. ನೌಕಾನೆಲೆಯ ಊರಿನಲ್ಲಿರುವ ನಿಮ್ಮ ತಂದೆಯವರಿಗೆ, ಮುಂಬಯಿಯ ಮಝಗಾಂವ್‌ನಲ್ಲಿ ಕಟ್ಟಿದ ಕಲ್ವರಿ ವರ್ಗದ ಜಲಾಂತರ್ಗಾಮಿಗಳ ವಿನ್ಯಾಸ ಫ್ರೆಂಚರದೆಂದು ನೆನಪಿಸಿ ನೋಡಿ.

ಆದರೂ ನಮ್ಮ ದೃಷ್ಟಿಯಲ್ಲಿ ನಿಮ್ಮ ಕಾರಣವೇ ಹೆಚ್ಚು ಗಟ್ಟಿಯಾದದ್ದು. ನೌಕರಿಯೊಂದನ್ನೇ ನೆಚ್ಚಿ ಆರಂಭಿಸಿದವರಲ್ಲಿ ಅನೇಕರು ಕ್ರಿಯಾಪದಗಳ ರೂಪಾವಳಿ ಎದುರಾದೊಡನೆ ಕೈಬಿಡುತ್ತಾರೆ. ನಾದಕ್ಕೆ ಮನಸೋತವರು ಅದೇ ವಾಕ್ಯವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ನುಡಿದುಕೊಳ್ಳುತ್ತಾರೆ, ಭಾಷೆ ನಾಲಿಗೆಗೆ ಹತ್ತುವುದು ಹಾಗೆಯೇ.

ಆ ನಾದದ ಗುಟ್ಟನ್ನು ತುಸು ನೋಡೋಣ. ಫ್ರೆಂಚಿನಲ್ಲಿ ಪದದ ಕೊನೆಗೆ ಬರೆದ ವ್ಯಂಜನವನ್ನು ಬಹುಮಟ್ಟಿಗೆ ಉಚ್ಚರಿಸುವುದಿಲ್ಲ. ಮುಂದಿನ ಪದ ಸ್ವರದಿಂದ ಆರಂಭವಾದರೆ ಮಾತ್ರ ಎಷ್ಟೋ ಕಡೆ ಅದು ಎಚ್ಚೆತ್ತು ಆ ಸ್ವರವನ್ನು ಕೂಡಿಕೊಳ್ಳುತ್ತದೆ. ಬಹುವಚನ ಸೂಚಿಸುವ 'ಲೆ' (ಬರೆಯುವುದು les), ಪುಸ್ತಕವೆಂಬ ಅರ್ಥದ 'ಲಿವ್ರ್' ಮುಂದೆ 'ಲೆ' ಆಗಿಯೇ ಉಳಿಯುತ್ತದೆ. ಗೆಳೆಯನೆಂಬ ಅರ್ಥದ 'ಅಮಿ' ಮುಂದೆ ಬಂದಾಗ ಎರಡೂ ಸೇರಿ 'ಲೆಜಾಮಿ' ಎಂದು ಕೇಳಿಸುತ್ತವೆ. ಹೀಗೆ ಪದಗಳ ಗಡಿ ಅಳಿದು ವಾಕ್ಯ ಒಂದೇ ಉಸಿರಿನಲ್ಲಿ ಸಾಗುತ್ತದೆ. ಸಂಧಿಪ್ರಕರಣ ಬಾಯಿಪಾಠ ಮಾಡಿದವರಿಗೆ ಇದು ತೀರಾ ಹೊಸದೇನಲ್ಲ. ಇನ್ನೊಂದು ವಿಶೇಷ ಅನುನಾಸಿಕ ಸ್ವರಗಳು. ಕನ್ನಡವೊಂದನ್ನೇ ಆಡಿ ಬೆಳೆದವರು ಅಲ್ಲಿ ನಕಾರವನ್ನೋ ಮಕಾರವನ್ನೋ ಒತ್ತಿ ನುಡಿದುಬಿಡುತ್ತಾರೆ. 'ಹಾಂವ', 'ತೂಂ' ಎನ್ನುತ್ತ ಬೆಳೆದ ನಿಮಗೆ ಸ್ವರವನ್ನು ಮೂಗಿನಲ್ಲಿ ಹೊರಡಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂದರೆ ಕನ್ನಡಿಗರು ತಲೆ ಕೆರೆದುಕೊಳ್ಳಬಹುದು. ಮರಕ್ಕೂ ದಾರಿಗೂ ಲಿಂಗಭೇದ ಮಾಡುವ ಕೊಂಕಣಿಗರಿಗೆ ಅದು ಮನೆಯ ವಿಷಯ. ಅಂಕಿಗಳದ್ದೇ ಸ್ವಲ್ಪ ಫಜೀತಿ: ಫ್ರಾನ್ಸಿನಲ್ಲಿ 80 ಎಂದರೆ 'ನಾಲ್ಕು ಇಪ್ಪತ್ತು', 97 ಎಂದರೆ 'ನಾಲ್ಕು ಇಪ್ಪತ್ತು ಹದಿನೇಳು'. ಸ್ವಿಟ್ಜರ್ಲೆಂಡ್ ಮತ್ತು ಬೆಲ್ಜಿಯಂನ ಫ್ರೆಂಚ್ ಭಾಷಿಕರು 70, 90ಕ್ಕಾದರೂ ನೇರವಾದ ಪದಗಳನ್ನು ಇಟ್ಟುಕೊಂಡು ಜಾಣರಾದರು.

ಇಷ್ಟಕ್ಕೂ ನಿಮ್ಮೂರಿನ ಮೀನು ಮಾರುಕಟ್ಟೆಯಲ್ಲಿ ಬುಟ್ಟಿಯ ಮುಂದೆ ಕುಳಿತ ಹೆಂಗಸು ಅದೇ ಬಂಗುಡೆಯ ದರವನ್ನು ಒಬ್ಬರಿಗೆ ಕೊಂಕಣಿಯಲ್ಲಿ, ಮತ್ತೊಬ್ಬರಿಗೆ ಕನ್ನಡದಲ್ಲಿ, ನೌಕಾನೆಲೆಯಿಂದ ಬಂದವರಿಗೆ ಹಿಂದಿಯಲ್ಲಿ ಹೇಳುತ್ತಾಳೆ. ನಾಲ್ಕನೆಯ ಭಾಷೆ ತಲೆಗೆ ಭಾರವಾದೀತೆಂಬ ಅಂಜಿಕೆ ಕಾರವಾರದವರಿಗೆ ಒಪ್ಪುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಅಡಿಕೆ ತೋಟದಲ್ಲಿ ಒಂದಿಷ್ಟು ವೆನಿಲ್ಲಾ ಬಳ್ಳಿಗಳೂ ಇವೆ. ಅರವತ್ತು ದಾಟಿದ ಮೇಲೆ ಓದುವ ಮಟ್ಟಿಗಾದರೂ ಫ್ರೆಂಚ್ ಬಂದೀತೇ?
– ಓದುಗ, ಶಿರಸಿ

ಉತ್ತರ: ಖಂಡಿತ ಬರುತ್ತದೆ. ವಯಸ್ಸು ಅಡ್ಡಬರುವುದು ಮುಖ್ಯವಾಗಿ ಉಚ್ಚಾರಣೆಗೆ, ಓದಿಗಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದುದರಿಂದ, ಇಂಗ್ಲಿಷ್ ಓದಬಲ್ಲವರಿಗೆ ಫ್ರೆಂಚ್ ಪುಟದಲ್ಲಿ ಪರಿಚಿತ ಮುಖಗಳು ಬೇಗ ಸಿಗುತ್ತವೆ.

ಓದಲು ವಿಷಯವಂತೂ ನಿಮ್ಮ ತೋಟದಲ್ಲಿಯೇ ಇದೆ. ವೆನಿಲ್ಲಾ ಮೆಕ್ಸಿಕೋ ಕಡೆಯ ಬಳ್ಳಿ. ಬೇರೆಡೆ ನೆಟ್ಟರೆ ಹೂ ಬಿಡುತ್ತಿತ್ತೇ ಹೊರತು ಕಾಯಿ ಕಚ್ಚುತ್ತಿರಲಿಲ್ಲ. ಹಿಂದೂ ಮಹಾಸಾಗರದ ಫ್ರೆಂಚ್ ದ್ವೀಪ ರೆಯುನಿಯೋಂನಲ್ಲಿ 1841ರಲ್ಲಿ ಎಡ್ಮಂಡ್ ಎಂಬ 12 ವರ್ಷದ ಗುಲಾಮ ಹುಡುಗ ಸಣ್ಣ ಕಡ್ಡಿಯಿಂದ ಹೂವಿನೊಳಗಿನ ತೆಳುವಾದ ಪರದೆಯನ್ನು ಎತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಹೂವಿನ ಹೆಣ್ಣುಭಾಗದ ತುದಿಯಾದ ಶಲಾಕಾಗ್ರಕ್ಕೆ ಒತ್ತಿ ಕಾಯಿ ಕಚ್ಚಿಸುವುದನ್ನು ತೋರಿಸಿದ. ನೀವು ಬೆಳಗ್ಗೆ ಬಳ್ಳಿಯ ಬುಡದಲ್ಲಿ ನಿಂತು ಮಾಡುವುದು ಅದನ್ನೇ. 1848ರಲ್ಲಿ ಗುಲಾಮಗಿರಿ ರದ್ದಾದಾಗ ಅವನಿಗೆ ಆಲ್ಬಿಯುಸ್ ಎಂಬ ಅಡ್ಡಹೆಸರು ಸಿಕ್ಕಿತು, ಹಣ ಸಿಗಲಿಲ್ಲ. 1880ರಲ್ಲಿ ಬಡತನದಲ್ಲಿಯೇ ತೀರಿಕೊಂಡ. ಆ ದ್ವೀಪದ ಆಡಳಿತ ಭಾಷೆ ಇಂದಿಗೂ ಫ್ರೆಂಚ್. ಅವನ ಕುರಿತ ಬರಹಗಳನ್ನು ಅದೇ ಭಾಷೆಯಲ್ಲಿ ಓದುವ ಗುರಿ ಇಟ್ಟುಕೊಳ್ಳಿ.

ಪ್ರಶ್ನೆ: ಕೆನಡಾದಲ್ಲಿ ನೆಲೆಸಬೇಕೆಂದಿರುವ ನನ್ನ ಮಗ ಯಾವ ಫ್ರೆಂಚ್ ಪರೀಕ್ಷೆ ಬರೆಯಬೇಕು?
– ಓದುಗಿ, ಹೊನ್ನಾವರ

ಉತ್ತರ: ಡೆಲ್ಫ್ ಎಂಬ ಫ್ರೆಂಚ್ ಪರೀಕ್ಷೆಯ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ, ಕಲಿಕೆಯ ಮಟ್ಟ ತೋರಿಸಲು ಅದು ಒಳ್ಳೆಯದು. ಆದರೆ ಕೆನಡಾದ ಕೇಂದ್ರ ಸರ್ಕಾರದ ವಲಸೆ ಅರ್ಜಿಗೆ ಅದು ನಡೆಯುವುದಿಲ್ಲ. ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಎಂಬ ಪರೀಕ್ಷೆ ಬೇಕು, ಅವುಗಳ ಫಲಿತಾಂಶ 2 ವರ್ಷ ಮಾತ್ರ ಊರ್ಜಿತ. ಆದ್ದರಿಂದ ಅರ್ಜಿ ಹಾಕುವ ಕಾಲ ಹತ್ತಿರವಾದ ಮೇಲೆಯೇ ಪರೀಕ್ಷಾ ಶುಲ್ಕ ಕಟ್ಟಲಿ. ತರಗತಿಗಳ ಬಗ್ಗೆ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ವಿಚಾರಿಸಬಹುದು.