ದೀಪ ಹಚ್ಚೋ ಹೊತ್ತಿಗೆ ಹಿಂಬಾಗಿಲು

"ಅಕ್ಕಾ, ನವೆಂಬರ್‌ನಲ್ಲಿ ಬೆಂಗಳೂರಿನ ವಿಜಯನಗರ ಬಿಟ್ಟು ಇಂಗ್ಲೆಂಡಿನ ರೆಡಿಂಗ್‌ಗೆ ಬರ್ತಿದ್ದೀವಿ. ಬಾಡಿಗೆ ಮನೆ ಫೋಟೋದಲ್ಲಿ ಒಂದು ಕಿಟಕಿಗೂ ಗ್ರಿಲ್ ಇಲ್ಲ. ನಾಲ್ಕಕ್ಕೇ ಕತ್ತಲಾಗುತ್ತಂತೆ, ನಾವಿಬ್ಬರೂ ಮನೆ ಸೇರೋದು ಆರೂವರೆಗೆ. ಮನೆ ಹೇಗೆ ಕಾಯೋದು? ಒಡವೆ ತರಬಹುದಾ? ಸ್ಕೂಲು, ಚಳಿ ಬಟ್ಟೆ ಬಗ್ಗೆನೂ ಹೇಳಿ" ಅಂತ ಕೇಳಿದ್ದೀಯ.

ಸ್ಕೂಲಿಗೆ ವಿಳಾಸ ಗಟ್ಟಿಯಾದ ದಿನವೇ ಇಲ್ಲಿನ ನಗರಸಭೆಯಂಥ ಕೌನ್ಸಿಲ್‌ಗೆ ಅರ್ಜಿ ಹಾಕು. ಬಟ್ಟೆ ಇಲ್ಲಿಗೆ ಬಂದು ತಗೋ, ಬೆಂಗಳೂರಿನ ಸ್ವೆಟರ್ ಈ ಗಾಳಿಗೆ ಸಾಲದು. ಉಳಿದದ್ದು ಮನೆ ಮತ್ತು ಒಡವೆ. ಗ್ರಿಲ್ ಇಲ್ಲದ ಕಿಟಕಿ ಕಂಡು ಬಂದ ಹೊಸದರಲ್ಲಿ ನನಗೂ ನಿದ್ದೆ ಬಂದಿರಲಿಲ್ಲ, ಹಾಗಾಗಿ ಇದನ್ನು ಬಿಡಿಸಿ ಹೇಳ್ತೀನಿ.

ದೀಪ ಹಚ್ಚೋ ಹೊತ್ತಿಗೆ ಹಿಂಬಾಗಿಲು ಹಾಕಿ ಮುಂಬಾಗಿಲು ತೆರೆಯೋದು ನಮ್ಮ ರೂಢಿ. ಇಲ್ಲಿ ಅದರ ಮೊದಲರ್ಧ ಮಾತ್ರ ಉಳಿಸಿಕೋ. ಇಲ್ಲಿನ ಸಾಲು ಮನೆಗಳಿಗೆ ಹಿತ್ತಲಿದೆ, ಪಕ್ಕದಲ್ಲಿ ಓಣಿಯಿದೆ, ರಸ್ತೆಯಲ್ಲಿ ಹೋಗುವವರಿಗೆ ಅದು ಕಾಣೋದಿಲ್ಲ. ಕಳ್ಳರಿಗೆ ಬೇಕಾದ್ದು ಆ ಮರೆಯೇ. ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಡಿಸೆಂಬರ್ ನಡುವಿಗೆ ನಾಲ್ಕು ಹೊಡೆಯೋ ಮುಂಚೆಯೇ ಸೂರ್ಯ ಮುಳುಗಿರ್ತಾನೆ. ಆಗಿನಿಂದ ನೀವು ಮನೆ ಸೇರೋ ಆರೂವರೆವರೆಗೆ ಯಾವ ಮನೆಯಲ್ಲಿ ದೀಪವಿಲ್ಲ ಅನ್ನೋದು ಬೀದಿಯಲ್ಲಿ ನಡೆದು ಹೋದರೇ ಗೊತ್ತಾಗುತ್ತೆ.

ಬೀಗದಿಂದ ಶುರು ಮಾಡು. ನಿನ್ನ ಬಾಗಿಲು ಪ್ಲಾಸ್ಟಿಕ್ಕಿನ ಯುಪಿವಿಸಿ ಆಗಿದ್ದರೆ, ಹಿಡಿಯನ್ನು ಮೇಲಕ್ಕೆತ್ತಿದಾಗ ಕೊಕ್ಕೆಗಳು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತವೆ, ಅಷ್ಟೇ. ಕೀ ತಿರುಗಿಸದಿದ್ದರೆ ಬೀಗ ಬಿದ್ದಿಲ್ಲ ಅಂತ ಅರ್ಥ. ಹೊರಗೂ ಹಿಡಿ ಇರುವ ಬಾಗಿಲಾದರೆ ಒತ್ತಿದ ಕೂಡಲೇ ತೆರೆದುಕೊಳ್ಳುತ್ತೆ. ನಮ್ಮೂರಲ್ಲಿ ಬಾಗಿಲು ಎಳೆದರೆ ತಾನೇ ಲಾಕ್ ಆಗುವ ನೈಟ್ ಲ್ಯಾಚ್ ಬಳಸಿದವರು ಹೆಚ್ಚಾಗಿ ತಪ್ಪೋದು ಇಲ್ಲೇ. ಎತ್ತು, ಕೀ ತಿರುಗಿಸು, ಒಮ್ಮೆ ಒತ್ತಿ ನೋಡು.

ಆಮೇಲೆ ಕೀ ಹಾಕೋ ಸಿಲಿಂಡರ್ ನೋಡು. ಹಿಡಿಯ ಪಟ್ಟಿಯಿಂದ ಅದು ಮೂರು ಮಿಲಿಮೀಟರಿಗಿಂತ ಹೊರಗೆ ಚಾಚಿದ್ದರೆ ಕಟಿಂಗ್ ಪ್ಲೇಯರಿನಂಥದ್ದರಿಂದ ಹಿಡಿದು ನಡುವೆ ಮುರಿಯಬಹುದು. ನಡುವಿನಲ್ಲಿ ಸ್ಕ್ರೂ ಹೋಗೋ ತೂತಿರೋದರಿಂದ ಅದು ಅಲ್ಲೇ ತುಂಡಾಗುತ್ತೆ. ಹೀಗೆ ಮುರಿಯೋದನ್ನು ತಡೆಯುವ, ಟಿಎಸ್ 007 ಅನ್ನೋ ಇಲ್ಲಿನ ಗುಣಮಟ್ಟದ ಗುರುತಿನ ಮೂರು ನಕ್ಷತ್ರದ ಸಿಲಿಂಡರ್ ಹಾಕಿಸು. ಬದಲಾಯಿಸೋದು ಕಷ್ಟವಿಲ್ಲ: ಬಾಗಿಲಿನ ಅಂಚಿನಲ್ಲಿರುವ ಉದ್ದನೆ ಸ್ಕ್ರೂ ಬಿಚ್ಚಿ, ಕೀಯನ್ನು ಸ್ವಲ್ಪ ಓರೆಯಾಗಿ ತಿರುಗಿಸಿ ಎಳೆದರೆ ಹಳೆಯದು ಬಂದುಬಿಡುತ್ತೆ. ಅಳತೆ ಮಾತ್ರ ಆ ಸ್ಕ್ರೂ ತೂತಿನ ನಡುವಿನಿಂದ ಒಳಗಿನ ತುದಿಗೆ ಎಷ್ಟು, ಹೊರಗಿನ ತುದಿಗೆ ಎಷ್ಟು ಅಂತ ಬೇರೆ ಬೇರೆ ತೆಗೆದುಕೋ, ಎರಡೂ ಸಮ ಇರಬೇಕೆಂದೇನಿಲ್ಲ. ಬಾಡಿಗೆ ಮನೆಯಾದ್ದರಿಂದ ಮೊದಲು ಓನರ್ ಒಪ್ಪಿಗೆ ಬರಹದಲ್ಲಿ ಪಡೆದು, ಅವರಿಗೂ ಒಂದು ಕೀ ಕೊಡು. ಮರದ ಬಾಗಿಲಾದರೆ ಬ್ರಿಟಿಷ್ ಗುಣಮಟ್ಟದ ಗುರುತಾದ ಬಿಎಸ್ 3621 ಎಂದು ಕೊರೆದಿರುವ ಐದು ಲಿವರಿನ ಬೀಗ ಇದೆಯಾ ಕೇಳು.

ಕೀಗೊಂಚಲನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಬೇಡ. ಕಾಗದ ಹಾಕೋ ಕಿಂಡಿಯಿಂದ ತಂತಿ ತೂರಿಸಿ ಎಳೆದುಕೊಳ್ತಾರೆ. ಕೈಗೆ ಎಟುಕದಷ್ಟು ದೂರದಲ್ಲಿ, ಬೆಂಕಿ ಬಿದ್ದರೆ ಮನೆಯವರೆಲ್ಲರಿಗೂ ಗೊತ್ತಿರುವ ಒಂದೇ ಜಾಗದಲ್ಲಿಡು. ಹೂಕುಂಡದ ಕೆಳಗೆ, ಚಪ್ಪಲಿ ಸ್ಟ್ಯಾಂಡಿನೊಳಗೆ ಅಂತೂ ಬೇಡವೇ ಬೇಡ. ಒಗ್ಗರಣೆ ಹೊಗೆ ಹೋಗಲಿ ಅಂತ ತೆರೆದ ಅಡುಗೆಮನೆ ಕಿಟಕಿಯನ್ನು ಹೊರಡೋ ಮುಂಚೆ ಮುಚ್ಚಿ, ಅದರ ಕೀಯನ್ನೂ ತಿರುಗಿಸು. ಅರ್ಧ ಇಂಚು ತೆರೆದು ಹಿಡಿ ಕೂರಿಸೋ ಸ್ಥಾನ ಗಾಳಿಗೆ ಸರಿ, ಮನೆ ಖಾಲಿ ಇದ್ದಾಗಲ್ಲ. ಹೊರಗಿನಿಂದ ಮೀಟಬಹುದು. ಬಾಗಿಲು, ಕಿಟಕಿ ಮುರಿದ ಗುರುತಿಲ್ಲದಿದ್ದರೆ ವಿಮೆಯವರೂ ತಕರಾರು ತೆಗೀತಾರೆ.

ದೀಪಕ್ಕೆ ಟೈಮರ್ ಪ್ಲಗ್ ಎರಡು ತಗೋ. ಸುತ್ತ 96 ಹಲ್ಲುಗಳಿರುವ ಬಿಲ್ಲೆಯದ್ದು ಸಾಕು, ಒಂದು ಹಲ್ಲಿಗೆ ಹದಿನೈದು ನಿಮಿಷ. ಬಿಲ್ಲೆ ತಿರುಗಿಸಿ ಈಗಿನ ಗಂಟೆಗೆ ತಂದು, ದೀಪ ಬೇಕಾದ ಹೊತ್ತಿನ ಹಲ್ಲುಗಳನ್ನು ಒತ್ತು. ಹಾಲ್‌ನ ಟೇಬಲ್ ಲ್ಯಾಂಪ್ ಮೂರೂವರೆಯಿಂದ ಹತ್ತೂಕಾಲು, ಮಹಡಿ ಮೇಲಿನದು ಹತ್ತರಿಂದ ಹನ್ನೊಂದು. ಬಾಗಿಲ ಹಿಂದಿನ ಪ್ಯಾಸೇಜಿನಲ್ಲಿ ಒಂದೇ ದೀಪ ಹಚ್ಚಿಟ್ಟರೆ ಯಾರೂ ನಂಬೋದಿಲ್ಲ. ಲ್ಯಾಂಪಿನ ಸ್ವಂತ ಸ್ವಿಚ್ ಆನ್ ಇರಬೇಕು, ಮುಟ್ಟಿದರೆ ಹತ್ತೋ ಥರದ ಲ್ಯಾಂಪ್ ಇದಕ್ಕೆ ಆಗೋದಿಲ್ಲ. ಕರೆಂಟ್ ಹೋಗಿ ಬಂದರೆ ಬಿಲ್ಲೆ ಹಿಂದೆ ಬೀಳುತ್ತೆ. ಗಡಿಯಾರ ಬದಲಾದ ಭಾನುವಾರವೂ ನೀನೇ ಸರಿಪಡಿಸಬೇಕು. ಬೆಳಿಗ್ಗೆ ಹೊರಡುವಾಗಲೇ ಹಾಲ್‌ನ ಪರದೆ ಎಳೆದುಬಿಡು, ಚಳಿಗಾಲದಲ್ಲಿ ತಪ್ಪೇನಿಲ್ಲ. ಇಲ್ಲವಾದರೆ ಆ ಲ್ಯಾಂಪಿನ ಬೆಳಕಲ್ಲೇ ನಿನ್ನ ಟಿವಿ, ಲ್ಯಾಪ್‌ಟಾಪ್ ಎಲ್ಲ ರಸ್ತೆಗೆ ಕಾಣುತ್ತೆ.

ಹಿತ್ತಲಿಗೆ ಸೆನ್ಸರ್ ಲೈಟು ಎರಡರಿಂದ ಎರಡೂವರೆ ಮೀಟರ್ ಎತ್ತರದಲ್ಲಿರಲಿ. ಎದುರಾಗಿ ನೇರ ಬರೋರಿಗಿಂತ ಅಡ್ಡ ಹಾಯೋರನ್ನು ಅದು ಚೆನ್ನಾಗಿ ಹಿಡಿಯುತ್ತೆ, ಓಣಿಯಿಂದ ಬಂದವರು ಅದರ ಮುಂದೆ ಅಡ್ಡ ಹಾಯುವಂತೆ ಕೂರಿಸು. ಪಕ್ಕದ ಗೇಟಿಗೆ ಒಳಗಿನಿಂದ ಚಿಲಕ ಬೇಕು. ಕಸದ ಬಿನ್ ಬೇಲಿಗೆ ಒರಗಿಸಿದರೆ ಹತ್ತೋದಕ್ಕೆ ಮೆಟ್ಟಿಲು ಇಟ್ಟುಕೊಟ್ಟ ಹಾಗೆ.

ಇನ್ನು ಒಡವೆ. ನಮ್ಮವರ ಮನೆಯಲ್ಲಿ ಇಪ್ಪತ್ತೆರಡು ಕ್ಯಾರೆಟ್ಟಿನ ಚಿನ್ನ ಇರುತ್ತೆ ಅಂತ ಇಲ್ಲಿನ ಕಳ್ಳರಿಗೂ ಗೊತ್ತು. ದೀಪಾವಳಿ ಹತ್ತಿರ ಬಂದರೆ ಪೊಲೀಸರೇ ನಮ್ಮ ಕಡೆಯ ಕುಟುಂಬಗಳಿಗೆ ಎಚ್ಚರಿಕೆ ಕೊಡ್ತಾರೆ. ಬಾಗಿಲಿಗೆ ತೋರಣ, ಹೊರಗೆ ಸಾಲು ಚಪ್ಪಲಿ, ವರಮಹಾಲಕ್ಷ್ಮಿಗೆ ಎಲ್ಲ ಸರ ಹಾಕಿ ತೆಗೆದ ಫೋಟೋ ಎಲ್ಲರಿಗೂ ಕಾಣುವಂತೆ ಹಾಕೋದು, ಇವೇ ಕಳ್ಳರಿಗೆ ಗುರುತು. ತೋರಣ ತೆಗಿ ಅಂತ ನಾನು ಹೇಳಲಾರೆ, ನನ್ನ ಬಾಗಿಲಲ್ಲೂ ಇದೆ. ಫೋಟೋ ಮಾತ್ರ ಹಾಕಬೇಡ. ಬೀರು, ಅಕ್ಕಿ ಡಬ್ಬಿ, ದೇವರ ಮನೆ, ಹಾಸಿಗೆ ಕೆಳಗೆ, ಇವನ್ನೆಲ್ಲ ಕಳ್ಳರು ಮೊದಲೇ ಹುಡುಕ್ತಾರೆ. ಮಾಂಗಲ್ಯ, ದಿನಬಳಕೆಯ ಓಲೆ, ಎರಡು ಬಳೆ ತಗೊಂಡು ಬಾ, ಉಳಿದದ್ದು ಅಲ್ಲೇ ಲಾಕರಿನಲ್ಲಿರಲಿ.

ಲಾಕರಿನದ್ದೂ ಕೆಲಸವಿದೆ. ಕಳ್ಳತನ, ಬೆಂಕಿ, ಸಿಬ್ಬಂದಿ ಮೋಸವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ, 2022ರ ಜನವರಿಯಿಂದ ರಿಸರ್ವ್ ಬ್ಯಾಂಕಿನ ನಿಯಮ ಹಾಗಿದೆ. ಏಳು ವರ್ಷ ಯಾರೂ ತೆಗೆಯದೆ, ನಿನ್ನ ಪತ್ತೆಯೂ ಸಿಗದಿದ್ದರೆ, ಬಾಡಿಗೆ ಕಟ್ಟುತ್ತಿದ್ದರೂ ಬ್ಯಾಂಕಿನವರು ಒಡೆಯಬಹುದು. ಅಮ್ಮನ ಹೆಸರು ಜಂಟಿಯಾಗಿ ಸೇರಿಸು, ನಾಮಿನಿ ಬರೆಸು, ಊರಿಗೆ ಹೋದಾಗಲೆಲ್ಲ ಒಮ್ಮೆ ತೆರೆದು ಬಾ.

ಇಲ್ಲಿಗೆ ತಂದದ್ದಕ್ಕೆ ವಿಮೆಯಲ್ಲಿ ಒಂದು ವಸ್ತುವಿಗೆ ಎಷ್ಟು ಮಿತಿ ಅಂತ ಓದು. ಮನೆ ಸಾಮಾನಿಗೆಲ್ಲ ವಿಮೆ ಇದೆ ಅಂತ ನೆಮ್ಮದಿಯಾಗಿದ್ದು, ಆ ಮಿತಿ ದಾಟಿದ ಸರವನ್ನು ಬೇರೆಯಾಗಿ ನಮೂದಿಸದೆ ಕಳೆದುಕೊಂಡವರು ಬಹಳ. ತಿಂಗಳಿಗಿಂತ ಹೆಚ್ಚು ಮನೆ ಬೀಗ ಹಾಕಿ ಊರಿಗೆ ಹೋಗೋದಾದರೆ ವಿಮೆಯವರಿಗೆ ಮೊದಲೇ ತಿಳಿಸು, ಎಷ್ಟೋ ಪಾಲಿಸಿಗಳಲ್ಲಿ 30 ಅಥವಾ 60 ದಿನದ ಗಡಿ ಇರುತ್ತೆ.

ಮನೆಗೆ ಬಂದಾಗ ಬಾಗಿಲು ತೆರೆದಿದ್ದರೆ ಒಳಗೆ ಹೋಗಬೇಡ. ಪಕ್ಕದವರ ಮನೆಗೆ ಹೋಗಿ ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡು. ಕಳ್ಳರು ಹೋಗಿ ಹೊತ್ತಾಗಿದೆ ಅಂತ ಖಚಿತವಾದರೆ ತುರ್ತಲ್ಲದ ದೂರಿಗಿರುವ ಪೊಲೀಸ್ ಸಂಖ್ಯೆ 101. ಪೊಲೀಸರು ಕೊಡೋ ಕ್ರೈಮ್ ರೆಫರೆನ್ಸ್ ನಂಬರ್, ಅಂದರೆ ದೂರಿನ ಸಂಖ್ಯೆ, ಇಲ್ಲದೆ ವಿಮೆಯ ಕೆಲಸ ಮುಂದೆ ಹೋಗೋದಿಲ್ಲ.

ಹೊರಡೋ ಮುಂಚೆ ಒಂದು ಮಧ್ಯಾಹ್ನ ಅಮ್ಮನ ಜೊತೆ ಕೂತು ಪ್ರತಿ ಒಡವೆಯದ್ದೂ ಫೋಟೋ ತೆಗಿ. ಹಿಂದು ಮುಂದು ಎರಡೂ, ಕೊಂಡಿ, 916 ಮುದ್ರೆ ಹತ್ತಿರದಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ತೂಕ ಬರೆದುಕೋ, ಅಂಗಡಿ ರಸೀದಿ ಇದ್ದರೆ ಅದನ್ನೂ ಸೇರಿಸು. ಅಜ್ಜಿಯ ಅವಲಕ್ಕಿ ಸರದ್ದು ನನ್ನ ಹತ್ತಿರ ಒಂದೂ ಫೋಟೋ ಇಲ್ಲ. ಮದುವೆ ಆಲ್ಬಮ್ಮಿನಲ್ಲಿ ಸೆರಗಿನ ಮರೆಯಲ್ಲಿ ಎರಡು ಎಳೆ ಕಾಣುತ್ತೆ, ಅಷ್ಟೇ.